ಚಿಕ್ಕ ಆಫೀಸ್‌ನ ಸಾಂಬಾ ಫೋಲ್ಡರ್‌ಗೆ 777 ಕೊಟ್ಟರೆ ಸಾಕಾ?

ಖಂಡಿತ ಬೇಡ. ಸಾಂಬಾ ಅಂದರೆ ಲಿನಕ್ಸ್ ಸರ್ವರ್‌ನ ಫೋಲ್ಡರನ್ನು ವಿಂಡೋಸ್ ಕಂಪ್ಯೂಟರ್‌ಗಳಿಗೆ ಹಂಚುವ ಸಾಫ್ಟ್‌ವೇರ್. 777 ಅಂದರೆ ಯಾರು ಬೇಕಾದರೂ ಓದಬಹುದು, ಬರೆಯಬಹುದು ಅನ್ನೋ ಪರ್ಮಿಷನ್. ಇರೋದೇ ಐದಾರು ಜನ, ಎಲ್ಲರೂ ನಂಬಿಕಸ್ಥರು, ಫೋಲ್ಡರ್‌ಗೆ 777 ಕೊಟ್ಟು ಮುಖ್ಯ ಫೈಲ್‌ಗಳನ್ನು ಮಾತ್ರ ಲಾಕ್ ಮಾಡಿದರೆ ಆಗಲ್ವಾ ಅಂತ ಕೇಳಿದ್ದೀರಿ. ಶಿವಮೊಗ್ಗದ ಒಂದು ಅಡಿಕೆ ಮಂಡಿಯಲ್ಲಿ ನಾನು ಮಾಡಿದ್ದೂ ಇದನ್ನೇ.

ಅಲ್ಲಿ ರೈತರ ಖಾತೆ ನೋಡಿಕೊಳ್ಳಲು ಒಬ್ಬರು ಮೇಡಂ ಇದ್ದರು. ರಾಶಿ, ಬೆಟ್ಟೆ, ಸರಕು, ಗೊರಬಲು ಅಂತ ಅಡಿಕೆಯ ಬಗೆವಾರು ದಿನದ ಶೀಟ್ ತುಂಬಿಸಲು ಹುಡುಗರಿದ್ದರು. ಖಾತೆ ಫೈಲ್‌ಗಳೆಲ್ಲ ಮೇಡಂ ಹೆಸರಲ್ಲಿ, ಪರ್ಮಿಷನ್ 644. ಅಂದರೆ ಬೇರೆಯವರು ನೋಡಬಹುದು, ತಿದ್ದಲು ಆಗಲ್ಲ. ಹುಡುಗರ ಕಂಪ್ಯೂಟರ್‌ನಿಂದ ತಿದ್ದಿ ನೋಡಿದೆ, ಸೇವ್ ಆಗಲಿಲ್ಲ. ಅಷ್ಟಕ್ಕೇ ಭದ್ರವಾಗಿದೆ ಅಂದುಕೊಂಡೆ.

ಸುಗ್ಗಿ ಜೋರಾಗಿದ್ದಾಗ ಹಳೆ ಶೀಟ್ ತೆಗೆಯಲು ಹೋದ ಹುಡುಗ, ಖಾತೆ ಫೈಲ್‌ಗಳನ್ನೂ ಸೇರಿಸಿ ಸೆಲೆಕ್ಟ್ ಮಾಡಿ ಡಿಲೀಟ್ ಒತ್ತಿದ. ಎಲ್ಲ ಹೋಯಿತು. ನೆಟ್‌ವರ್ಕ್ ಫೋಲ್ಡರ್‌ನಲ್ಲಿ ಅಳಿಸಿದ್ದು ವಿಂಡೋಸ್‌ನ ರಿಸೈಕಲ್ ಬಿನ್‌ಗೆ ಬರಲ್ಲ. ತೀರ್ಥಹಳ್ಳಿ ಕಡೆಯಿಂದ ದುಡ್ಡಿಗೆ ಬಂದ ರೈತರು ಬೆಂಚಿನ ಮೇಲೆ ಕಾಯುತ್ತಿದ್ದರೆ, ಮೇಡಂ ಬಿಲ್ ಪುಸ್ತಕ ಪಕ್ಕಕ್ಕಿಟ್ಟುಕೊಂಡು ಒಂದೊಂದೇ ಹೆಸರು ಮತ್ತೆ ಟೈಪ್ ಮಾಡುತ್ತಿದ್ದರು.

ಎಡವಿದ್ದು ಎಲ್ಲಿ ಅಂದರೆ, ಇದನ್ನು ದಯವಿಟ್ಟು ನಿಧಾನವಾಗಿ ಓದಿ, ಲಿನಕ್ಸ್‌ನಲ್ಲಿ 644 ಅನ್ನೋದು ಫೈಲ್ ಒಳಗಿರುವುದನ್ನು ಮಾತ್ರ ಕಾಯುತ್ತದೆ. ಫೈಲ್‌ನ ಹೆಸರು ಇರೋದು ಫೋಲ್ಡರ್‌ನಲ್ಲಿ. ಡಿಲೀಟ್ ಅಂದರೆ ಫೋಲ್ಡರ್‌ನಿಂದ ಆ ಹೆಸರು ತೆಗೆಯೋದು. ಹಾಗಾಗಿ ಫೋಲ್ಡರ್‌ನಲ್ಲಿ ಬರೆಯುವ ಹಕ್ಕು ಇದ್ದವರು, ಒಂದಕ್ಷರ ತಿದ್ದಲಾಗದ ಫೈಲನ್ನೂ ಪೂರ್ತಿ ಅಳಿಸಬಹುದು. ಹೆಸರು ಬದಲಿಸೋದು, ಬೇರೆ ಕಡೆ ಎಳೆದು ಹಾಕೋದು, ಎಲ್ಲಕ್ಕೂ ಇದೇ ಲೆಕ್ಕ. 777 ಕೊಟ್ಟಾಗ ನಾನು ಆ ಹಕ್ಕನ್ನು ಎಲ್ಲರಿಗೂ ಹಂಚಿದ್ದೆ. ಸ್ಟಿಕಿ ಬಿಟ್ ಹಾಕಿ 1777 ಮಾಡಿದರೆ ಇನ್ನೊಬ್ಬರ ಫೈಲ್ ಅಳಿಸಲು ಆಗಲ್ಲ, ನಿಜ. ಆದರೆ ಒಂದೇ ಕೆಲಸ ಮಾಡುವ ಇಬ್ಬರು ಒಬ್ಬರದನ್ನೊಬ್ಬರು ತೆಗೆಯಲೂ ಆಗಲ್ಲ, ಅದು ಬೇರೆ ತಲೆನೋವು.

ನಂಬಿಕೆಯ ಪ್ರಶ್ನೆಯೇ ಇಲ್ಲಿಲ್ಲ. ಆ ಹುಡುಗ ಒಳ್ಳೆಯವನೇ, ಕೈ ತಪ್ಪಿತು ಅಷ್ಟೇ. ಯಾರಿಗೆ ಏನು ಅಂತ ಫೈಲ್ ಫೈಲ್‌ಗೂ ಯೋಚಿಸೋದು ಬಿಡಿ, ಕೆಲಸಕ್ಕೊಂದು ಗ್ರೂಪ್, ಗ್ರೂಪಿಗೊಂದು ಫೋಲ್ಡರ್ ಮಾಡಿ. ಖಾತೆ ಫೋಲ್ಡರ್‌ನ ಗ್ರೂಪ್ ಬದಲಿಸಿ 2770 ಕೊಡಿ, ಅಂದರೆ ಮಾಲೀಕರಿಗೂ ಗ್ರೂಪಿಗೂ ಪೂರ್ತಿ ಹಕ್ಕು, ಉಳಿದವರಿಗೆ ಏನೂ ಇಲ್ಲ. ಮೊದಲ ಅಂಕಿ 2 ಇದ್ದರೆ ಒಳಗೆ ಹುಟ್ಟುವ ಫೈಲ್‌ಗಳೂ ಅದೇ ಗ್ರೂಪಿಗೆ ಸೇರುತ್ತವೆ. ಸಾಂಬಾ ಕಾನ್ಫಿಗ್‌ನಲ್ಲಿ ವ್ಯಾಲಿಡ್ ಯೂಸರ್ಸ್‌ಗೆ (ಒಳಗೆ ಬರಬಹುದಾದವರು) ಆ ಗ್ರೂಪ್, ಕ್ರಿಯೇಟ್ ಮಾಸ್ಕ್ (ಹೊಸ ಫೈಲ್‌ನ ಪರ್ಮಿಷನ್) 0660, ಡೈರೆಕ್ಟರಿ ಮಾಸ್ಕ್ (ಹೊಸ ಫೋಲ್ಡರ್‌ನದು) 2770. ವಿಎಫ್ಎಸ್ ರಿಸೈಕಲ್ ಅನ್ನೂ ಹಾಕಿಬಿಡಿ, ಅಳಿಸಿದ್ದು ಸರ್ವರ್‌ನಲ್ಲೇ ಒಂದು ಮೂಲೆಯಲ್ಲಿ ಉಳಿಯುತ್ತದೆ. ಸಾಂಬಾ ಪಾಸ್‌ವರ್ಡ್ ಬೇರೆ, ಲಿನಕ್ಸ್ ಪಾಸ್‌ವರ್ಡ್ ಬೇರೆ, ಎಸ್‌ಎಂಬಿಪಾಸ್‌ಡಬ್ಲ್ಯುಡಿ (smbpasswd) ಕಮಾಂಡಿನಿಂದ ಒಬ್ಬೊಬ್ಬರಿಗೂ ಕೊಡಬೇಕು. ಎಲ್ಲರಿಗೂ ಒಂದೇ ಲಾಗಿನ್ ಕೊಟ್ಟರೆ ಇಷ್ಟು ಮಾಡಿದ್ದೂ ವ್ಯರ್ಥ.

ಗ್ರೂಪಿಗೆ ಸೇರಿಸುವಾಗ ಯೂಸರ್‌ಮಾಡ್ (usermod) ಕಮಾಂಡಿಗೆ ದೊಡ್ಡ ಜಿ ಜೊತೆ ಚಿಕ್ಕ ಎ ಮರೆಯಬೇಡಿ. ಎ ಇಲ್ಲದಿದ್ದರೆ ಹಳೆಯ ಹೆಚ್ಚುವರಿ ಗ್ರೂಪ್‌ಗಳಿಂದೆಲ್ಲ ಹೆಸರು ಬಿದ್ದುಹೋಗುತ್ತದೆ, ಅಡ್ಮಿನ್ ಹಕ್ಕು ಕೊಡುವ ಸುಡೋ ಗ್ರೂಪ್ ಕೂಡ.

ಎಲ್ಲ ಮುಗಿದ ಮೇಲೆ ಸಾಂಬಾ ಕಾನ್ಫಿಗ್‌ನ ತಪ್ಪು ಹಿಡಿಯುವ ಟೆಸ್ಟ್‌ಪಾರ್ಮ್ (testparm) ಓಡಿಸಿ. ಆಮೇಲೆ ಖಾತೆ ಗ್ರೂಪಿನವರ ಲಾಗಿನ್‌ನಿಂದ ಒಂದು ಖಾಲಿ ಫೈಲನ್ನು ಖಾತೆ ಫೋಲ್ಡರ್‌ನಲ್ಲಿಟ್ಟು, ಹುಡುಗರ ಲಾಗಿನ್‌ನಲ್ಲೇ ಕೂತು ಅದನ್ನು ಅಳಿಸಲು ನೋಡಿ. ತಿದ್ದಿ ನೋಡಿದರೆ ಸಾಲದು, ಅಳಿಸಿಯೇ ನೋಡಬೇಕು.