ಮುಂಡಗೋಡ: ಇದ್ದವರು, ಬಂದವರು, ಹೊರಟವರು

ಮಾನ್ಯರೇ,

ಮುಂಡಗೋಡದ ಟಿಬೆಟನ್ ಕ್ಯಾಂಪುಗಳ, ಅಂದರೆ ನಿರಾಶ್ರಿತರ ವಸತಿಗಳ, ಹೊಸ ವರ್ಷದ ಹಬ್ಬವಾದ ಲೋಸಾರ್ ಕುರಿತು ಕಳೆದ ಸಂಚಿಕೆಯಲ್ಲಿ ಬಂದ ಚಿತ್ರಲೇಖನವನ್ನು ಓದಿ ತಾವು ಬರೆದ ದೀರ್ಘ ಪತ್ರ ತಲುಪಿದೆ. ಹಬ್ಬದ ಸಡಗರ ತೋರಿಸಿದ ಪತ್ರಿಕೆ ಊರಿನವರು ಕಳೆದುಕೊಂಡದ್ದನ್ನು ಏಕೆ ತೋರಿಸಲಿಲ್ಲ ಎಂಬುದು ತಮ್ಮ ಪ್ರಶ್ನೆ. ತಮ್ಮ ಬಾಲ್ಯದಲ್ಲಿ ‘ನಾವು ನಾವೇ’ ಇದ್ದ ಪೇಟೆಯಲ್ಲಿ ಈಗ ಸಂತೆಯ ದಿನ ಗುರುತಿನ ಮುಖಗಳಿಗೆ ಹುಡುಕಾಡಬೇಕಾಗಿದೆ. ಹೊರಗಿನವರಿಗೆ ಸರ್ಕಾರ ಸಾವಿರಾರು ಎಕರೆ ಕಾಡು ಕೊಟ್ಟಿತು, ಅಜ್ಜನ ಕಾಲದಿಂದ ಉಳುತ್ತ ಬಂದ ಎರಡೂವರೆ ಎಕರೆಗೆ ತಮಗೆ ಮಾತ್ರ ಹಕ್ಕುಪತ್ರ ಸಿಕ್ಕಿಲ್ಲ. ಹೀಗೇ ನಡೆದರೆ ಊರೂ ನಮ್ಮದಾಗಿ ಉಳಿಯುವುದಿಲ್ಲ, ಕನ್ನಡವೂ ಉಳಿಯುವುದಿಲ್ಲ ಎಂದು ತಾವು ಬರೆದಿದ್ದೀರಿ. ಈ ಮಾತುಗಳನ್ನು ನಾಲ್ಕು ಸಾಲಿಗೆ ಇಳಿಸಿ ಓದುಗರ ಅಂಕಣಕ್ಕೆ ಸೇರಿಸಲು ಮನಸ್ಸು ಒಪ್ಪದ್ದರಿಂದ ವಿವರವಾಗಿ ಉತ್ತರಿಸುತ್ತಿದ್ದೇನೆ.

ಜಮೀನಿನ ವಿಷಯವನ್ನೇ ಮೊದಲು ಎತ್ತಿಕೊಳ್ಳುತ್ತೇನೆ. ತಮ್ಮ ಪತ್ರದಲ್ಲಿ ಹೆಚ್ಚು ನ್ಯಾಯವಿರುವುದು ಅಲ್ಲಿಯೇ. 1959ರಲ್ಲಿ ದಲಾಯಿ ಲಾಮಾ ಅವರು ಲ್ಹಾಸಾ ತೊರೆದು ಭಾರತಕ್ಕೆ ಬಂದ ಮೇಲೆ, ಅವರ ಬೆನ್ನಿಗೇ ಬಂದ ನಿರಾಶ್ರಿತರಿಗೆ ನೆಲೆ ಕಲ್ಪಿಸುವಂತೆ ಪ್ರಧಾನಿ ನೆಹರೂ ರಾಜ್ಯಗಳನ್ನು ಕೇಳಿಕೊಂಡಾಗ, ಎಲ್ಲರಿಗಿಂತ ಹೆಚ್ಚು ಭೂಮಿ ಕೊಟ್ಟದ್ದು ಅಂದಿನ ಮೈಸೂರು ರಾಜ್ಯ. ಮೊದಲು ಬೈಲಕುಪ್ಪೆಯಲ್ಲಿ ಕೊಟ್ಟಿತು. ಆಮೇಲೆ 1966ರಲ್ಲಿ, ನಿಜಲಿಂಗಪ್ಪನವರು ಮುಖ್ಯಮಂತ್ರಿಯಾಗಿದ್ದಾಗ, ಮುಂಡಗೋಡದ ಬಳಿ ಸುಮಾರು 4,000 ಎಕರೆ ಕಾಡನ್ನು ಬಿಟ್ಟುಕೊಟ್ಟಿತು. ಹಿಮಾಲಯದ ರಸ್ತೆ ಕಾಮಗಾರಿಗಳಲ್ಲಿ ಕಲ್ಲು ಒಡೆಯುತ್ತಿದ್ದವರು ಇಲ್ಲಿಗೆ ಬಂದು, ಟೆಂಟುಗಳಲ್ಲಿ, ಬಿದಿರಿನ ಗುಡಿಸಲುಗಳಲ್ಲಿ ಇದ್ದುಕೊಂಡು ಆ ಕಾಡನ್ನು ಹೊಲ ಮಾಡಿದರು. ಬಂಗಾಳದ ಬಕ್ಸಾದಲ್ಲಿ, ಬ್ರಿಟಿಷರ ಕಾಲದ ಬಂದೀಖಾನೆಯಲ್ಲಿ ಹತ್ತು ವರ್ಷ ಕಳೆದು, ಅನೇಕ ಸಂಗಾತಿಗಳನ್ನು ಕ್ಷಯಕ್ಕೆ ಕಳೆದುಕೊಂಡಿದ್ದ ಗಾಂದೆನ್ ಮತ್ತು ಡ್ರೆಪುಂಗ್ ಮಠಗಳ ಭಿಕ್ಷುಗಳು 1970ರ ಆಸುಪಾಸಿನಲ್ಲಿ ಅವರನ್ನು ಕೂಡಿಕೊಂಡರು. ಆ ದಿನಗಳಲ್ಲಿ ತಮ್ಮ ತಂದೆಯವರು ಕಡಿದ ದಿಮ್ಮಿಗಳನ್ನು ಎತ್ತಿನ ಗಾಡಿಯಲ್ಲಿ ಸಾಗಿಸುತ್ತಿದ್ದರೆಂದೂ, ದನಗಳು ಮೇಯಲು ಹೋಗುತ್ತಿದ್ದ ದಾರಿ ಒಂದೇ ಬೇಸಿಗೆಯಲ್ಲಿ ಇಲ್ಲವಾಯಿತೆಂದೂ ತಾವು ಬರೆದಿರುವ ಎರಡು ಸಾಲು ನನ್ನ ಮಟ್ಟಿಗೆ ಇಡೀ ಪತ್ರದಲ್ಲಿ ಎಲ್ಲಕ್ಕಿಂತ ಬೆಲೆಯುಳ್ಳವು. ಸೌದೆಗೆ, ಸೊಪ್ಪಿಗೆ, ಮೇವಿಗೆ ಆ ಕಾಡನ್ನೇ ನಂಬಿದ್ದವರನ್ನು ಅಂದು ಯಾರಾದರೂ ಕೇಳಿದ್ದರೆ ತಮ್ಮ ತಂದೆಯವರು ಅದನ್ನು ಮನೆಯಲ್ಲಿ ಹೇಳದೆ ಇರುತ್ತಿರಲಿಲ್ಲ.

ಆದರೆ ತಮ್ಮ ಹಕ್ಕುಪತ್ರವನ್ನು ತಪ್ಪಿಸಿದವರು ಕ್ಯಾಂಪಿನವರಲ್ಲ. 2006ರ ಅರಣ್ಯ ಹಕ್ಕು ಕಾಯ್ದೆಯು ಪರಿಶಿಷ್ಟ ಪಂಗಡಕ್ಕೆ ಸೇರದ ಅರಣ್ಯವಾಸಿಗಳಿಂದ 2005ರ ಡಿಸೆಂಬರ್ 13ಕ್ಕೆ ಹಿಂದಿನ ಮೂರು ತಲೆಮಾರುಗಳ, ಅಂದರೆ 75 ವರ್ಷಗಳ ವಾಸಕ್ಕೆ ಪುರಾವೆ ಕೇಳುತ್ತದೆ. 1930ರ ಕಾಗದ ಯಾವ ರೈತನ ಮನೆಯ ಪೆಟ್ಟಿಗೆಯಲ್ಲಿದೆ? ಉತ್ತರ ಕನ್ನಡ ಜಿಲ್ಲೆಯ ಅಸಂಖ್ಯ ಅರ್ಜಿಗಳು ತಿರಸ್ಕೃತವಾಗಿರುವುದು ಇದೇ ಕಾರಣಕ್ಕೆ. ಹಿರಿಯರ ಹೇಳಿಕೆಯನ್ನು ಬರೆದುಕೊಂಡು ಪುರಾವೆಯೆಂದು ಒಪ್ಪಬಹುದು ಎಂದು ಅದೇ ಕಾಯ್ದೆಯ ನಿಯಮಗಳು ಹೇಳುತ್ತಿದ್ದರೂ ಅದನ್ನು ರೈತರಿಗೆ ತಿಳಿಸಿ ಹೇಳುವವರು ಕಡಿಮೆ. ಇನ್ನು ಕ್ಯಾಂಪಿನ ಜಮೀನೂ ಅಲ್ಲಿ ಉಳುವವರ ಸ್ವಂತದ್ದಲ್ಲ. ಅದು ಸರ್ಕಾರ ವಸತಿಗೆಂದು ಗುತ್ತಿಗೆಗೆ ಕೊಟ್ಟದ್ದು, ಅದನ್ನು ಯಾರೂ ಮಾರುವಂತಿಲ್ಲ. ಕ್ಯಾಂಪಿನಲ್ಲೇ ಹುಟ್ಟಿ, ಮುಂಡಗೋಡದ ನೀರು ಕುಡಿದು ಬೆಳೆದವನೂ ಕಾನೂನಿನ ಕಣ್ಣಿಗೆ ಬಹುಮಟ್ಟಿಗೆ ವಿದೇಶಿಯನೇ; ತನ್ನ ನೋಂದಣಿ ಪತ್ರವನ್ನು ಕಾಲಕಾಲಕ್ಕೆ ನವೀಕರಿಸಿಕೊಳ್ಳಲೇಬೇಕು. 1950ರ ಜನವರಿ 26ರಿಂದ 1987ರ ಜುಲೈ 1ರ ಒಳಗೆ ಭಾರತದಲ್ಲಿ ಹುಟ್ಟಿದವರು ಹುಟ್ಟಿನಿಂದಲೇ ಭಾರತೀಯರು ಎಂದು ಪೌರತ್ವ ಕಾಯ್ದೆ ಹೇಳುತ್ತದೆಯಾದರೂ, ಆ ಮಾತು ಟಿಬೆಟನ್ನರಿಗೂ ಅನ್ವಯಿಸುತ್ತದೆ ಎಂದು ಹೇಳಿಸಿಕೊಳ್ಳಲು ಅವರು ನ್ಯಾಯಾಲಯದ ಮೆಟ್ಟಿಲು ಹತ್ತಬೇಕಾಯಿತು. 2010ರಲ್ಲಿ ದೆಹಲಿ ಹೈಕೋರ್ಟ್, 2013ರಲ್ಲಿ ನಮ್ಮ ಕರ್ನಾಟಕ ಹೈಕೋರ್ಟ್ ಹಾಗೆ ತೀರ್ಪು ಕೊಟ್ಟವು. ಉಳುವ ನೆಲದ ಮೇಲೆ ಹಕ್ಕಿಲ್ಲದ ಎರಡು ಬಗೆಯ ಜನ ಒಂದೇ ತಾಲ್ಲೂಕಿನಲ್ಲಿ ಅಕ್ಕಪಕ್ಕ ಬದುಕುತ್ತಿದ್ದಾರೆ ಎಂಬುದನ್ನು ತಾವು ಗಮನಿಸಬೇಕೆಂದು ಕೋರುತ್ತೇನೆ.

‘ನಾವು ನಾವೇ’ ಎಂಬ ಮಾತನ್ನು ಒಪ್ಪಲು ನನಗೆ ಸಾಧ್ಯವಾಗಿಲ್ಲ. ತಮ್ಮ ಬಾಲ್ಯದ ಮುಂಡಗೋಡದಲ್ಲಿ ಕನ್ನಡದ ಜೊತೆಗೆ ಮರಾಠಿ, ಉರ್ದು, ಕೊಂಕಣಿಗಳೂ ಸಂತೆಯ ಮಾತಾಗಿದ್ದವು. ಸುತ್ತಲೂ ಲಂಬಾಣಿ ತಾಂಡಾಗಳಿದ್ದವು. ಮಹಾರಾಷ್ಟ್ರದ ಕಡೆಯಿಂದ ಎಮ್ಮೆಗಳನ್ನು ಹೊಡೆದುಕೊಂಡು ಬಂದ ಗೌಳಿಗರು ಕಾಡಂಚಿನಲ್ಲಿ ನೆಲೆಸಿ ಪೇಟೆಗೆ ಹಾಲು, ಬೆಣ್ಣೆ ತರುತ್ತಿದ್ದರು. ಇವರಲ್ಲಿ ಯಾರನ್ನೂ ತಾವು ಹೊರಗಿನವರೆಂದು ಬರೆದಿಲ್ಲ, ಬರೆಯಬೇಕಾಗಿಯೂ ಇಲ್ಲ. ಆದರೆ ಅವರೆಲ್ಲರೂ ಒಂದಲ್ಲ ಒಂದು ಕಾಲಕ್ಕೆ ಎಲ್ಲಿಂದಲೋ ಬಂದವರೇ. ಬಂದ ವರ್ಷ ಯಾರ ನೆನಪಿನಲ್ಲೂ ಇಲ್ಲದ್ದರಿಂದ ಅವರು ನಮ್ಮವರಾದರು. 1966 ಇನ್ನೂ ತಮ್ಮ ಕಣ್ಣ ಮುಂದೆ ಇರುವುದರಿಂದ ಟಿಬೆಟನ್ನರು ಆಗಲಿಲ್ಲ.

ಸಿದ್ದಿಗಳ ವಿಷಯವಂತೂ ಇದಕ್ಕಿಂತ ಕಠಿಣವಾದದ್ದು. ಪೋರ್ಚುಗೀಸರು ಪೂರ್ವ ಆಫ್ರಿಕಾದಿಂದ ಗೋವಾಕ್ಕೆ ಗುಲಾಮರಾಗಿ ತಂದವರಲ್ಲಿ ತಪ್ಪಿಸಿಕೊಂಡು ಘಟ್ಟದ ಕಾಡು ಸೇರಿದವರ ಸಂತತಿ ಯಲ್ಲಾಪುರ, ಹಳಿಯಾಳ, ಮುಂಡಗೋಡಗಳಲ್ಲಿ ಹಲವು ತಲೆಮಾರುಗಳಿಂದ ಇದೆ. ಅವರಲ್ಲಿ ಹಿಂದೂಗಳಿದ್ದಾರೆ, ಕ್ರೈಸ್ತರಿದ್ದಾರೆ, ಮುಸ್ಲಿಮರಿದ್ದಾರೆ. ಆಡುವ ಮಾತು ನಮ್ಮದೇ ನೆಲದ ಕನ್ನಡ, ಕೊಂಕಣಿ, ಮರಾಠಿ, ಉರ್ದು. ಆದರೂ ಜಿಲ್ಲೆಯ ಸಿದ್ದಿಗಳಿಗೆ ಪರಿಶಿಷ್ಟ ಪಂಗಡದ ಸ್ಥಾನ ಸಿಗಲು 2003ರವರೆಗೆ ಕಾಯಬೇಕಾಯಿತು, ಅವರಲ್ಲೊಬ್ಬರು ವಿಧಾನ ಪರಿಷತ್ತಿನಲ್ಲಿ ಕೂರಲು 2020ರವರೆಗೆ. ಇಂದಿಗೂ ಹುಬ್ಬಳ್ಳಿಯ ಬಸ್ಸಿನಲ್ಲಿ ಸಿದ್ದಿ ಹುಡುಗನೊಬ್ಬ ಕನ್ನಡದಲ್ಲಿ ಟಿಕೆಟ್ ಕೇಳಿದರೆ ಸುತ್ತಲಿನವರು ತಿರುಗಿ ನೋಡುತ್ತಾರೆ. ಇಷ್ಟು ಕಾಲ ನಮ್ಮೊಂದಿಗೇ ಬಾಳಿದವರನ್ನು ಮುಖ ನೋಡಿ ಅಳೆಯುವ ನಾವು ‘ನಾವು ನಾವೇ’ ಎನ್ನುವಾಗ ಅವರನ್ನು ಎಲ್ಲಿ ನಿಲ್ಲಿಸುತ್ತೇವೆ ಎಂಬುದು ನನ್ನನ್ನು ನಿಜಕ್ಕೂ ಬಾಧಿಸುವ ಪ್ರಶ್ನೆ. ತಮ್ಮ ಪತ್ರದಲ್ಲಿ ಸಿದ್ದಿಗಳ ಪ್ರಸ್ತಾಪವೇ ಇಲ್ಲ.

ಊರು ಬದಲಾಗುತ್ತಿಲ್ಲವೆಂದು ಇದರ ಅರ್ಥವಲ್ಲ. ಆದರೆ ಅದು ತಾವು ಅಂಜುವ ದಿಕ್ಕಿಗೆ ಹೋಗುತ್ತಿಲ್ಲ. ಒಂದು ಕಾಲಕ್ಕೆ ವರ್ಷಕ್ಕೆ ಎರಡು ಮೂರು ಸಾವಿರ ಜನ ಟಿಬೆಟ್ಟಿನಿಂದ ಹಿಮಾಲಯ ದಾಟಿ ಬರುತ್ತಿದ್ದರು. ಟಿಬೆಟ್ಟಿನಲ್ಲಿ ನಡೆದ 2008ರ ಪ್ರತಿಭಟನೆಗಳ ತರುವಾಯ ಚೀನಾ ಗಡಿಯನ್ನು ಬಿಗಿಗೊಳಿಸಿದ ಮೇಲೆ ಆ ಬರವು ಬೆರಳೆಣಿಕೆಗೆ ಇಳಿದಿದೆ. ಅತ್ತ ಅಮೆರಿಕವು 1990ರ ವಲಸೆ ಕಾಯ್ದೆಯಲ್ಲಿ ಭಾರತ ಮತ್ತು ನೇಪಾಳದ ಟಿಬೆಟನ್ನರಿಗಾಗಿ 1,000 ವೀಸಾಗಳನ್ನು ಮೀಸಲಿಟ್ಟಾಗ ತೆರೆದ ಬಾಗಿಲು ಮತ್ತೆ ಮುಚ್ಚಲಿಲ್ಲ. ಮೊದಲು ಹೋದವರು ತಮ್ಮವರನ್ನು ಕರೆಸಿಕೊಂಡರು, ಈಗ ಕ್ಯಾಂಪುಗಳ ತರುಣರು ನ್ಯೂಯಾರ್ಕ್, ಟೊರೊಂಟೊ, ಪ್ಯಾರಿಸ್ ಕಡೆ ಮುಖ ಮಾಡಿದ್ದಾರೆ. ಮನೆಯಲ್ಲಿ ಉಳಿದ ವೃದ್ಧರಿಗೆ ಗೋವಿನಜೋಳ ಬಿತ್ತುವ ಶಕ್ತಿ ಇಲ್ಲದೆ ಹೊಲವನ್ನು ಸುತ್ತಲಿನ ಹಳ್ಳಿಯವರಿಗೆ ಲಾವಣಿಗೆ ಹಾಕುತ್ತಾರೆ. ಮಠಗಳಲ್ಲಿ ಜನ ತುಂಬಿರುವುದು ನಿಜ, ಆದರೆ ಅಲ್ಲಿ ಕೆಂಪು ನಿಲುವಂಗಿ ತೊಟ್ಟವರೆಲ್ಲ ಟಿಬೆಟ್ಟಿನವರಲ್ಲ: ಲಡಾಖ್, ಸ್ಪಿತಿ, ಅರುಣಾಚಲದ ಹುಡುಗರು ಹಲವರಿದ್ದಾರೆ, ಅವರು ನಮ್ಮಂತೆಯೇ ಈ ದೇಶದ ಪ್ರಜೆಗಳು, ಡ್ರೆಪುಂಗ್ ಗೋಮಾಂಗ್ ಮಠದಲ್ಲಿ ಮಂಗೋಲಿಯಾದವರೂ ರಷ್ಯಾದ ಕಾಲ್ಮಿಕ್ ಜನರೂ ಓದುತ್ತಾರೆ. ತಮ್ಮ ಇಬ್ಬರು ಮಕ್ಕಳೂ ಬೆಂಗಳೂರಿನಲ್ಲಿದ್ದಾರೆ, ಹಿಂದಿರುಗುವುದಿಲ್ಲ ಎಂದು ತಾವೇ ಬರೆದಿದ್ದೀರಿ. ಕ್ಯಾಂಪಿನ ಮುದುಕರ ಸಂಕಟವೂ ಅದೇ. ಊರನ್ನು ಖಾಲಿ ಮಾಡುತ್ತಿರುವುದು ಬಂದವರಲ್ಲ, ಇಲ್ಲಿ ದುಡಿಮೆ ಇಲ್ಲದಿರುವುದು.

ಕನ್ನಡದ ಬಗ್ಗೆ ತಮ್ಮ ಆತಂಕ ನನ್ನದೂ ಹೌದು. ಚಿತ್ರಲೇಖನಕ್ಕಾಗಿ ಹೋಗಿದ್ದಾಗ ಕ್ಯಾಂಪಿನ ಹೋಟೆಲೊಂದರಲ್ಲಿ ಕಂಡದ್ದನ್ನು ಹೇಳುತ್ತೇನೆ. ಅಡುಗೆಮನೆಯಲ್ಲಿ ಮೊಮೊಗೆ ಹಿಟ್ಟು ಲಟ್ಟಿಸುತ್ತಿದ್ದವರು ಪಕ್ಕದ ತಾಂಡಾದ ಹೆಂಗಸು. ಲಡಾಖಿನ ಕಿರಿಯ ಭಿಕ್ಷುವೊಬ್ಬ ಹಿಂದಿಯಲ್ಲಿ ಥುಕ್ಪಾ, ಅಂದರೆ ನೂಡಲ್ಸ್ ಸಾರು, ಬೇಕೆಂದು ಹೇಳಿದ. ಗಲ್ಲೆಯ ಮೇಲಿದ್ದ ಟಿಬೆಟನ್ ಅಜ್ಜಿ ಒಳಗೆ ತಿರುಗಿ, ‘ಯಕ್ಕಾ, ಒಂದ್ ಥುಕ್ಪಾ, ಖಾರ ಕಡಿಮಿ ಹಾಕ’ ಎಂದು ಕೂಗಿದರು. ಆ ಕನ್ನಡವನ್ನು ಅವರಿಗೆ ಯಾವ ಶಾಲೆಯೂ ಕಲಿಸಿಲ್ಲ. ಸ್ವೆಟರ್ ಮಾರುತ್ತ, ಸಂತೆಯಲ್ಲಿ ಚೌಕಾಶಿ ಮಾಡುತ್ತ ಬಂದದ್ದು. ಅವರ ಮೊಮ್ಮಗಳಿಗೆ ಟಿಬೆಟನ್, ಹಿಂದಿ, ಇಂಗ್ಲಿಷ್ ಬರುತ್ತದೆ, ಕನ್ನಡ ಅಷ್ಟಕ್ಕಷ್ಟೆ. ಆ ಮಗುವಿಗೆ ಕನ್ನಡ ಕಲಿಸಬೇಕಾದ ಹೊಣೆ ನಮ್ಮ ಶಿಕ್ಷಣ ಇಲಾಖೆಯದ್ದು, ನಮ್ಮ ಸಾಹಿತ್ಯ ಪರಿಷತ್ತಿನದ್ದು. ಕೇಳದೆ, ಕಲಿಸದೆ, ಕಲಿಯಲಿಲ್ಲವೆಂದು ದೂರುವುದು ಸರಿಯಲ್ಲ.

ತಮ್ಮ ಪತ್ರವನ್ನು ಈ ಸಂಚಿಕೆಯಲ್ಲಿ ಅಚ್ಚು ಹಾಕುವಾಗ ಒಂದು ವಾಕ್ಯವನ್ನು ತೆಗೆದಿದ್ದೇನೆ. ಅದು ಟಿಬೆಟನ್ನರ ಕಣ್ಣು, ಮೂಗುಗಳ ಕುರಿತದ್ದು. ಕಾರಣ ತಿಳಿಸುವುದು ನನ್ನ ಕರ್ತವ್ಯ. 2012ರ ಆಗಸ್ಟ್‌ನಲ್ಲಿ ಬರಿಯ ವದಂತಿಗಳಿಗೆ ಹೆದರಿ ಈಶಾನ್ಯ ರಾಜ್ಯಗಳ ಸಾವಿರಾರು ಜನ ಬೆಂಗಳೂರಿನಿಂದ ರೈಲು ಹತ್ತಿದರು. ಅದೇ ದಿನಗಳಲ್ಲಿ ಮೈಸೂರಿನಲ್ಲಿ ಟಿಬೆಟನ್ ವಿದ್ಯಾರ್ಥಿಯೊಬ್ಬನಿಗೆ ಚೂರಿ ಹಾಕಿದರು. ಹಾಕಿದವರಿಗೆ ಅವನ ಊರು ಬೇಕಿರಲಿಲ್ಲ, ಅವನ ಮುಖವೇ ಸಾಕಾಗಿತ್ತು. ತಾವು ಅಂಥ ಉದ್ದೇಶದಿಂದ ಬರೆದಿಲ್ಲವೆಂದು ನಾನು ಬಲ್ಲೆ, ಆದರೆ ಅಚ್ಚಾದ ಮಾತು ಯಾರ ಕೈ ಸೇರುತ್ತದೆ ಎಂಬುದು ನಮ್ಮಿಬ್ಬರ ಹತೋಟಿಯಲ್ಲೂ ಇಲ್ಲ.

ಇನ್ನು ಎರಡು ಕೋರಿಕೆಗಳಿವೆ. ತಮ್ಮ ಅರಣ್ಯ ಹಕ್ಕಿನ ಅರ್ಜಿಯ ಮತ್ತು ಅದನ್ನು ತಿರಸ್ಕರಿಸಿದ ಆದೇಶದ ಪ್ರತಿಯನ್ನು ದಯವಿಟ್ಟು ಕಳುಹಿಸಿಕೊಡಿ. ತಾಲ್ಲೂಕಿನ ಇಂಥ ಅರ್ಜಿಗಳ ಬಗ್ಗೆ ಮಳೆಗಾಲಕ್ಕೆ ಮೊದಲೇ ವರದಿ ಮಾಡಿಸುತ್ತೇನೆ, ಅದರಲ್ಲಿ ಸಿದ್ದಿ ಮತ್ತು ಗೌಳಿ ಕುಟುಂಬಗಳ ಅರ್ಜಿಗಳೂ ಇರುತ್ತವೆ. ಹಾಗೆಯೇ, 1966ರ ಬೇಸಿಗೆಯಲ್ಲಿ ಕಾಡು ಕಡಿದ ಕೆಲಸದ ಬಗ್ಗೆ, ಗಾಡಿ ಹೊಡೆದವರ ಕೂಲಿ, ಮುಚ್ಚಿಹೋದ ಆ ದಾರಿ, ಮೊದಲ ಸಲ ಟಿಬೆಟನ್ನರನ್ನು ಕಂಡಾಗ ಊರವರು ಆಡಿಕೊಂಡ ಮಾತು, ಎಲ್ಲವನ್ನೂ ತಮಗೆ ನೆನಪಿರುವಂತೆ ಬರೆದುಕೊಡಿ. ಪುಟಗಳ ಮಿತಿ ಇಲ್ಲ.

ಸಂಪಾದಕ