ಇಂಗ್ಲೆಂಡಿನ ಟೆರೇಸ್ ಮನೆಯ (ಅಕ್ಕಪಕ್ಕ ಗೋಡೆ ಹಂಚಿಕೊಂಡ ಸಾಲುಮನೆ) ಲಾಫ್ಟ್ ಕೋಣೆಗೆ (ಚಾವಣಿಯಡಿಯ ಅಟ್ಟದ ಕೋಣೆ) ಆರ್ಕಿಟೆಕ್ಟ್ ಬೇಕಾ, ಲಾಫ್ಟ್ ಬಿಲ್ಡರ್ ಸಾಕಾ?

ಹಿಂಬದಿಗೆ ಡಾರ್ಮರ್ (ಇಳಿಜಾರು ಚಾವಣಿಯಿಂದ ಹೊರಚಾಚಿದ, ಕಿಟಕಿಯಿರುವ ಭಾಗ) ಹಾಕಿಸಿ ಒಂದು ಮಲಗುವ ಕೋಣೆ ಮಾಡಿಸುವುದಷ್ಟೇ ಆದರೆ ಲಾಫ್ಟ್ ಕೆಲಸವನ್ನೇ ಮಾಡುವ ಬಿಲ್ಡರ್ ಸಾಕು. ಚಾವಣಿಗೆ ಸೇರಿಸುವುದು 40 ಘನ ಮೀಟರ್ ಒಳಗಿದ್ದು (ಹಿಂದಿನ ಮಾಲೀಕರು ಸೇರಿಸಿದ್ದೂ ಲೆಕ್ಕಕ್ಕೆ ಬರುತ್ತದೆ) ಉಳಿದ ಷರತ್ತುಗಳೂ ಸರಿಯಿದ್ದರೆ ಪ್ಲಾನಿಂಗ್ ಅನುಮತಿ ಬೇಡ. ಬಿಲ್ಡಿಂಗ್ ರೆಗ್ಯುಲೇಷನ್ಸ್ (ಕಟ್ಟಡ ಸುರಕ್ಷತೆಯ ನಿಯಮಗಳು) ಒಪ್ಪಿಗೆ ಮಾತ್ರ ಬೇಕೇ ಬೇಕು. ಮನೆ ಕನ್ಸರ್ವೇಶನ್ ಏರಿಯಾದಲ್ಲಿದ್ದರೆ (ಹಳೆಯ ಸ್ವರೂಪ ಉಳಿಸಲು ಗುರುತಿಸಿದ ಪ್ರದೇಶ) ಅಥವಾ ಲಿಸ್ಟೆಡ್ (ಪಾರಂಪರಿಕ ಪಟ್ಟಿಯಲ್ಲಿರುವ) ಮನೆಯಾದರೆ ಆರ್ಕಿಟೆಕ್ಟ್ ಹಿಡಿಯಿರಿ.

ಹೆಚ್ಚಿನವರು ಎಡವುವುದು ಮೆಟ್ಟಿಲಲ್ಲಿ. ಮೆಟ್ಟಿಲ ಮೇಲೆ ತಲೆಗೆ 2 ಮೀಟರ್ ಎತ್ತರ ಸಿಗಬೇಕು. ಇಳಿಜಾರು ಚಾವಣಿಯಡಿ ಜಾಗ ಸಾಲದಿದ್ದರೆ ಮೆಟ್ಟಿಲ ಅಗಲದ ನಡುವೆ 1.9, ಬದಿಯಲ್ಲಿ 1.8 ಮೀಟರ್ ನಡೆಯುತ್ತದೆ. ಆದ್ದರಿಂದ ಅಡ್ವಾನ್ಸ್ ಕೊಡುವ ಮೊದಲು ಮೆಟ್ಟಿಲ ಸೆಕ್ಷನ್ ಡ್ರಾಯಿಂಗ್ (ಬದಿಯಿಂದ ಸೀಳಿದಂತೆ ಎತ್ತರ ತೋರಿಸುವ ನಕ್ಷೆ) ಕೇಳಿ ಪಡೆಯಿರಿ.

ಯಾರನ್ನೇ ಆರಿಸಿದರೂ ಸ್ಟೀಲ್ ಬೀಮ್ ಲೆಕ್ಕವನ್ನು ಸ್ಟ್ರಕ್ಚರಲ್ ಇಂಜಿನಿಯರೇ ಮಾಡಲಿ. ಬೀಮ್ ಪಕ್ಕದ ಮನೆಯ ಜಂಟಿ ಗೋಡೆಯಲ್ಲಿ ಕೂರುವುದಾದರೆ ಕೆಲಸ ಶುರುವಾಗುವ 2 ತಿಂಗಳು ಮೊದಲೇ ಅವರಿಗೆ ಪಾರ್ಟಿ ವಾಲ್ ನೋಟಿಸ್ ಕೊಡಬೇಕು.