ಒಂಬತ್ತು ಇಗರ್ಜಿ, ಒಂದೇ ಪಾಪ

(ಗುರುತು ಸಿಗದಂತೆ ಮನೆ, ಊರು, ವಯಸ್ಸಿನ ವಿವರಗಳನ್ನು ಬದಲಿಸಿದ್ದೇನೆ. ಬರೆಯಲು ಅವರ ಒಪ್ಪಿಗೆ ಇದೆ.)

ಮಂಗಳೂರಿನ ಸುತ್ತಮುತ್ತ ಯಾವ ಇಗರ್ಜಿಯಲ್ಲಿ ಯಾವ ಹೊತ್ತಿಗೆ ಕುಮ್ಸಾರ್ ಕೇಳುತ್ತಾರೆ ಎಂಬುದು ಆಕೆಗೆ ಬಸ್ಸಿನ ಟೈಮಿನಂತೆ ಬಾಯಿಪಾಠ. ಕೊಂಕಣಿ ಕ್ಯಾಥೊಲಿಕರ ಮಾತಿನಲ್ಲಿ ಇಗರ್ಜಿ ಅಂದರೆ ಚರ್ಚು, ಕುಮ್ಸಾರ್ ಅಂದರೆ ಫಾದರ್ ಮುಂದೆ ಮಾಡುವ ಪಾಪನಿವೇದನೆ. ಹದಿನಾಲ್ಕು ತಿಂಗಳಲ್ಲಿ ಒಂಬತ್ತು ಇಗರ್ಜಿ ಸುತ್ತಿದ್ದರು. ಒಂದೇ ಕಡೆ ಹೋದರೆ ಫಾದರ್‌ಗೆ ದನಿ ಗುರುತು ಸಿಗುತ್ತದಲ್ಲ! ಎಲ್ಲ ಕಡೆಯೂ ಹೇಳಿದ್ದು ಒಂದೇ ಪಾಪ. ಕೊನೆಗೆ ಒಬ್ಬ ಫಾದರ್, "ಬಾಯಿ, ಇದು ಯಾವತ್ತೋ ಕ್ಷಮೆ ಆಗಿಹೋದ ವಿಷಯ. ಒಮ್ಮೆ ಯಾರಾದರೂ ಆಪ್ತಸಲಹೆಗಾರರನ್ನು ನೋಡಿ" ಅಂದರಂತೆ. ಹಾಗೆ ನನ್ನಲ್ಲಿಗೆ ಬಂದರು.

ಮರೆಗುಳಿ ಕಾಯಿಲೆಯ ಅತ್ತೆಯನ್ನು ಆರು ವರ್ಷ ಒಬ್ಬರೇ ನೋಡಿಕೊಂಡವರು. ಗಂಡ ಆಗ ಗಲ್ಫಿನಲ್ಲಿ. ರಾತ್ರಿ ಎರಡು ಗಂಟೆಗೆ ಎದ್ದು ಬಾಗಿಲು ಬಡಿಯುವ ಅತ್ತೆ, ಬೆಳಿಗ್ಗೆ ಶಾಲೆಗೆ ಹೊರಡುವ ಮಕ್ಕಳು. ಒಂದು ಮಧ್ಯಾಹ್ನ ಬಾಯಿಗಿಟ್ಟ ಗಂಜಿಯನ್ನು ಅತ್ತೆ ಮೂರನೇ ಸಲ ಉಗುಳಿದಾಗ ಕೆನ್ನೆಗೆ ಹೊಡೆದುಬಿಟ್ಟರು. ಅತ್ತೆ ಅಳಲಿಲ್ಲ. ಗಲ್ಲಕ್ಕೆ ಅಂಟಿದ್ದ ಅಗುಳನ್ನು ಒರೆಸಿಕೊಂಡು, "ದೇವ್ ಬರೆಂ ಕರುಂ" ಅಂದರು. ದೇವರು ಒಳ್ಳೇದು ಮಾಡಲಿ. ಯಾರು ಏನು ಕೊಟ್ಟರೂ ಹೇಳಿ ಹೇಳಿ ರೂಢಿಯಾದ ಮಾತು, ಮಕ್ಕಳ ಹೆಸರು ಮರೆತ ಮೇಲೂ ನಾಲಿಗೆಯಲ್ಲಿ ಉಳಿದಿತ್ತು. ಮೂರು ವಾರದ ಮೇಲೆ ಅತ್ತೆ ನ್ಯುಮೋನಿಯಾದಿಂದ ತೀರಿಕೊಂಡರು. ಹೊಡೆತಕ್ಕೂ ಸಾವಿಗೂ ಸಂಬಂಧವಿಲ್ಲ ಎಂದು ಡಾಕ್ಟರು ಹೇಳಿದ್ದರು. ಆಕೆಗೂ ಅದು ಗೊತ್ತಿತ್ತು.

"ನೀನೊಬ್ಬಳೇ ಎಷ್ಟು ಮಾಡಿದಿ, ಬಿಡು" ಎಂದು ನೆಂಟರು ಹೊಗಳಿದಷ್ಟೂ ಆಕೆ ಕುಗ್ಗುತ್ತಿದ್ದರು. ಹಾಗಾಗಿ ನಾನು "ನಿಮ್ಮದೇನೂ ತಪ್ಪಿಲ್ಲ" ಅನ್ನಲಿಲ್ಲ. "ಹೊಡೆದದ್ದು ತಪ್ಪೇ" ಅಂದೆ. ಅವತ್ತು ಮೊದಲ ಸಲ ಕುರ್ಚಿಗೆ ಬೆನ್ನು ಒರಗಿಸಿ ಕೂತರು.

ಸಾಯಬೇಕು ಅನ್ನಿಸುತ್ತದೆಯೇ ಎಂದು ನೇರವಾಗಿಯೇ ಕೇಳಿದೆ. ಇಂಥ ಪ್ರಕರಣದಲ್ಲಿ ಸಂಕೋಚಪಟ್ಟು ಬಿಟ್ಟುಬಿಡುವ ಪ್ರಶ್ನೆಯಲ್ಲ ಇದು. ಇಲ್ಲ ಅಂದರು. ಮತ್ತೆ ಮತ್ತೆ ನಿವೇದನೆ ಮಾಡುವ ಒತ್ತಡ ಒಸಿಡಿ (ಗೀಳು ಕಾಯಿಲೆ) ಇದ್ದರೂ ಬರಬಹುದು ಎಂದು ಮನೋವೈದ್ಯರ ಬಳಿಗೂ ಕಳಿಸಿದೆ. ಅವರು ಸಣ್ಣ ಪ್ರಮಾಣದ ಮಾತ್ರೆ ಕೊಟ್ಟು, ಸಲಹೆ ಮುಂದುವರಿಸಿ ಅಂದರು.

ಮೂರನೇ ಭೇಟಿಯಲ್ಲಿ ಕೇಳಿದೆ: "ಪ್ರಾಯಶ್ಚಿತ್ತಕ್ಕೆ ಫಾದರ್ ಏನು ಕೊಟ್ಟಿದ್ದರು?"

"ಮೂರು ನಮಾನ್ ಮರಿಯೆ." ಸ್ವಲ್ಪ ತಡೆದು, "ಒಂದು ಕೆನ್ನೆಗೆ ಮೂರು ಪ್ರಾರ್ಥನೆ! ಇಷ್ಟೇನಾ ಮೇಡಂ?"

ಗಂಟು ಇದ್ದದ್ದು ಇಲ್ಲಿ. ಕ್ಷಮೆ ತೀರಾ ಅಗ್ಗಕ್ಕೆ ಸಿಕ್ಕಿತೆಂದು ಆಕೆ ಅದನ್ನು ನಂಬಲಿಲ್ಲ. ಬೆಲೆಯನ್ನು ತಾವೇ ಕಟ್ಟಿಕೊಂಡರು: ಹೊಸ ಸೀರೆ ಬೇಡ, ಮೀನು ಬೇಡ, ಮೊಂತಿ ಹಬ್ಬದ ಹೊಸ ಅಕ್ಕಿಯ ಊಟಕ್ಕೂ ಎಲ್ಲರ ಜತೆ ಕೂರುವುದು ಬೇಡ. ನಾನು ಸಿಎಸ್‌ಐ ಪ್ರೊಟೆಸ್ಟಂಟ್ ಸಭೆಯವಳು, ನಮ್ಮಲ್ಲಿ ಕುಮ್ಸಾರ್ ಇಲ್ಲ. ಆದರೆ ಈ ರೋಗ ನಮ್ಮಲ್ಲೂ ಧಾರಾಳವಾಗಿದೆ. ಕೃಪೆ ಉಚಿತ ಎಂದು ಭಾನುವಾರ ಹಾಡಿ, ಸೋಮವಾರ ಅದರ ಕಂತು ಕಟ್ಟಲು ಶುರುಮಾಡುವವರು ನಾವು.

"ನಿನ್ನನ್ನು ನೀನು ಕ್ಷಮಿಸಿಕೋ" ಎಂಬ ಆಜ್ಞೆ ಬೈಬಲಿನಲ್ಲಿ ಇಲ್ಲ ಎಂದಾಗ ಆಕೆಗೆ ಆಶ್ಚರ್ಯವಾಯಿತು. ಪೌಲ ಕೊರಿಂಥದವರಿಗೆ ಬರೆದ ಮೊದಲ ಪತ್ರದ ನಾಲ್ಕನೇ ಅಧ್ಯಾಯ ತೆಗೆಸಿದೆ. ನನ್ನನ್ನು ನಾನೇ ವಿಚಾರಿಸಿಕೊಳ್ಳುವುದೂ ಇಲ್ಲ, ವಿಚಾರಿಸುವವನು ಕರ್ತನು ಎನ್ನುತ್ತಾನೆ ಅವನು. "ನಿಮ್ಮ ಕೋರ್ಟು ದೇವರ ಕೋರ್ಟಿಗಿಂತ ದೊಡ್ಡದೋ?" ಎಂದು ಕೇಳಿದೆ. ಮಾತು ಸ್ವಲ್ಪ ಖಾರವಾಯಿತು. ಆಕೆ ನಕ್ಕರು, ಪುಣ್ಯಕ್ಕೆ.

ಯೇಸುವಿನ ಆಪ್ತ ಶಿಷ್ಯ ಪೇತ್ರನ ಕಥೆಯಲ್ಲಿ ಹೆಚ್ಚು ಹೊತ್ತು ನಿಂತೆವು. ಯೋಹಾನನ ಸುವಾರ್ತೆಯಲ್ಲಿ ಇದ್ದಿಲ ಬೆಂಕಿ ಎರಡು ಕಡೆ ಬರುತ್ತದೆ. 18ನೇ ಅಧ್ಯಾಯದಲ್ಲಿ ಅದರ ಮುಂದೆ ಚಳಿ ಕಾಯಿಸುತ್ತಾ ಪೇತ್ರ, ತಾನು ಯೇಸುವಿನ ಶಿಷ್ಯನೇ ಅಲ್ಲ ಅಂದುಬಿಟ್ಟ. 21ರಲ್ಲಿ ಯೇಸುವೇ ದಡದಲ್ಲಿ ಕೆಂಡದ ಮೇಲೆ ಮೀನು ಇಟ್ಟು ಕಾಯುತ್ತಿದ್ದಾನೆ. ಮೊದಲು ಬಂದು ಊಟ ಮಾಡಿ ಎನ್ನುತ್ತಾನೆ, ಆಮೇಲೆ ನನ್ನನ್ನು ಪ್ರೀತಿಸುತ್ತೀಯಾ ಎಂದು ಮೂರು ಸಲ ಕೇಳುತ್ತಾನೆ. ಹಳೆಯ ತಪ್ಪಿನ ಲೆಕ್ಕ ಎತ್ತುವುದಿಲ್ಲ, ಕುರಿಗಳನ್ನು ಮೇಯಿಸುವ ಕೆಲಸ ಕೊಡುತ್ತಾನೆ.

ಸಂತ ಅಲೋಶಿಯಸ್ ಕಾಲೇಜಿನಿಂದಾಗಿ ಯೇಸು ಸಭೆಯವರು (ಜೆಸ್ವಿಟ್ ಪಾದ್ರಿಗಳು) ಮಂಗಳೂರಿಗೆ ಹೊಸಬರಲ್ಲ. ಆ ಸಭೆ ಕಟ್ಟಿದ ಸಂತ ಇಗ್ನೇಷಿಯಸ್ಸರಿಗೇ 1522ರಲ್ಲಿ ಸ್ಪೇನಿನ ಮನ್ರೇಸಾದಲ್ಲಿ ಇದೇ ಕಾಟ ಇತ್ತು. ಹಳೆಯ ಪಾಪಗಳಲ್ಲಿ ತೀರಾ ಸ್ಪಷ್ಟವಾದದ್ದನ್ನು ಮಾತ್ರ ಹೇಳು ಎಂದು ಅವರಿಗೆ ಅಪ್ಪಣೆಯಾಯಿತು. ಎಲ್ಲವೂ ಸ್ಪಷ್ಟವಾಗಿಯೇ ಕಂಡದ್ದರಿಂದ ಉಪಯೋಗವಾಗಲಿಲ್ಲ! ಕೊನೆಗೆ ಹಳೆಯದನ್ನು ಹೇಳುವುದನ್ನೇ ಬಿಟ್ಟರು.

ಆಕೆಗೆ ನಾನು ಹೇಳಿದ್ದೂ ಅದೇ. ಒಬ್ಬರೇ ಫಾದರ್, ತಿಂಗಳಿಗೆ ಒಂದೇ ಸಲ, ಈ ಪಾಪ ಮತ್ತೆ ಹೇಳುವಂತಿಲ್ಲ. ತಡೆಯಲಾರದಷ್ಟು ಒತ್ತಡ ಬಂದರೆ ಒಂದು ಗಂಟೆ ಮುಂದೂಡುವುದು, ಆಮೇಲೆ ಒಂದು ದಿನ. ಆಕೆಯ ಒಪ್ಪಿಗೆ ಪಡೆದು ಫಾದರ್ ಜತೆ ಮಾತಾಡಿದೆ. ಕುಮ್ಸಾರಿನ ಗುಟ್ಟನ್ನು ನಾನು ಕೇಳಲಿಲ್ಲ, ಅವರು ಹೇಳುವವರೂ ಅಲ್ಲ. ಈ ನಿಯಮಕ್ಕೆ ಮಾತ್ರ ಕೂಡಲೇ ಒಪ್ಪಿದರು.

ಇನ್ನೊಂದು ಬಾಕಿ ಇತ್ತು. ಕುಮ್ಸಾರಿನ ಜಾಲರಿಯ ಹಿಂದೆ ಕೂತ ಒಂಬತ್ತು ಜನ ಫಾದರ್ ಹತ್ತಿರ ಹೇಳಿದ್ದನ್ನು ಆಕೆ ಗಂಡನಿಗೆ ಹೇಳಿರಲಿಲ್ಲ. ಪೆಟ್ಟು ತಿಂದವಳ ಮಗ ಅವರು. ಹೇಳಲೇಬೇಕೆಂದು ನಾನು ಒತ್ತಾಯಿಸಲಿಲ್ಲ. ಎರಡು ತಿಂಗಳು ಬಿಟ್ಟು ಆಕೆಯೇ ಹೇಳಿದರು. ಅವರು ನಾಲ್ಕು ದಿನ ಮಾತು ಬಿಟ್ಟರು. ಐದನೇ ದಿನ ಊಟಕ್ಕೆ ಕೂತಾಗ, "ಯಾವ ಕೆನ್ನೆ?" ಎಂದು ಕೇಳಿದರಂತೆ. ಎಡಗೆನ್ನೆ ಅಂದರು ಆಕೆ. ಅವರು ತಟ್ಟೆ ಸರಿಸಿ ಅತ್ತರು. ಆರು ವರ್ಷದಲ್ಲಿ ತಾನು ಮೂರೇ ಸಲ ಊರಿಗೆ ಬಂದದ್ದು ಎಂದರು. ನವೆಂಬರ್ 2ರ ಮೃತರ ಹಬ್ಬದಂದು ಇಬ್ಬರೂ ಸಿಮಿತ್ರಿಗೆ (ಇಗರ್ಜಿಯ ಸ್ಮಶಾನಕ್ಕೆ) ಹೋಗಿ ಮೇಣದಬತ್ತಿ ಹಚ್ಚಿದರು.

ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ಮರೆಗುಳಿ ಕಾಯಿಲೆಯವರನ್ನು ಒಬ್ಬರ ಕೈಗೇ ಬಿಟ್ಟ ಮನೆಯವರೆಲ್ಲ ವಾರಕ್ಕೆ ಒಂದು ರಾತ್ರಿಯಾದರೂ ಆ ನೋಡಿಕೊಳ್ಳುವವರಿಗೆ ನಿದ್ದೆ ಸಿಗುವಂತೆ ನೋಡಿಕೊಳ್ಳಿ. ಸಿಟ್ಟು ಕೈ ಮೀರುತ್ತಿದೆ ಅನ್ನಿಸಿದವರು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆ ಮಾಡಬಹುದು.

ಈಗ ಎರಡು ತಿಂಗಳಿಗೊಮ್ಮೆ ಬರುತ್ತಾರೆ. ಕಳೆದ ಸಲ ಹೇಳಿದ್ದು: ಒಂದು ಶನಿವಾರ ಸಂಜೆ ತಡೆಯಲಾಗದೆ ಬಸ್ ಹತ್ತಿ ಹಳೆಯ ಇಗರ್ಜಿಯೊಂದರ ಗೇಟಿನ ತನಕ ಹೋದರಂತೆ. ಹತ್ತು ನಿಮಿಷ ನಿಂತರಂತೆ. ಆಮೇಲೆ ಎದುರಿನ ಅಂಗಡಿಯಲ್ಲಿ ಅರ್ಧ ಕಿಲೋ ಬಂಗುಡೆ ಮೀನು ತೆಗೆದುಕೊಂಡು ಮನೆಗೆ ಬಂದರಂತೆ.